ಮಾವನ ಎಡೆಗೆ ಅನಾನಸ್ ಕೋಳಿ

ನಮ್ಮತ್ತೆ ಶಿವಲಿಂಗಮ್ಮನವರ ಬಾಯಲ್ಲಿ ಯಾವ ಮಾತಿಗೂ ಮೊದಲು ಬರುವುದು "ಬ್ಯಾಡ". ಫ್ಯಾನ್ ಹಾಕಲಾ ಅಂದರೆ ಬ್ಯಾಡ. ಮಾಗಡಿಗೆ ಹೋಗಿ ಕಣ್ಣು ತೋರಿಸಿಕೊಂಡು ಬರೋಣ ಅಂದರೆ ಬ್ಯಾಡ. ಕಾಫಿ ಕೊಡಲಾ ಅಂದರೂ ಬ್ಯಾಡ ಅಂದುಬಿಟ್ಟು, ಕೊಡದೆ ಹೋದರೆ ಮಧ್ಯಾಹ್ನದವರೆಗೆ ಮುಖ ಊದಿಸಿಕೊಂಡು ಕೂರುತ್ತಾರೆ. ನಾನು ಸೋಲೂರಿನಿಂದ ಗುಡೇಮಾರನಹಳ್ಳಿಯ ಈ ಮನೆಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷವಾಯಿತು. ಇವರ ಜೊತೆ ಏಗಿ ಏಗಿ ನನಗೇ ಅರ್ಧ ತಲೆ ನರೆತಿದೆ.

ಅಡುಗೆಯ ವಿಷಯಕ್ಕೆ ಬಂದರಂತೂ ಕೇಳುವುದೇ ಬೇಡ. ಅವರ ನಾಟಿ ಕೋಳಿ ಸಾರಿಗೆ ಸುತ್ತ ನಾಲ್ಕು ಊರಲ್ಲಿ ಹೆಸರಿದೆ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಯಾರ ಮನೆಯಲ್ಲಿ ಬೀಗರೂಟವಾದರೂ ಖಾರ ರುಬ್ಬುವ ಹೊತ್ತಿಗೆ ಇವರನ್ನು ಕರೆದುಕೊಂಡು ಹೋಗುತ್ತಾರೆ. ಆದರೆ ಹೆಸರು ಬಂದ ಮೇಲೆ ಮನುಷ್ಯರಿಗೆ ಕೊಬ್ಬು ಬರುತ್ತದೆ ನೋಡಿ. ತಾವು ಕಲಿತದ್ದು ಬಿಟ್ಟು ಬೇರೆ ಯಾವುದೂ ಅಡುಗೆಯೇ ಅಲ್ಲ ಅನ್ನುವ ಹಾಗೆ ಆಡುತ್ತಿದ್ದರು.

ನಮ್ಮ ಮಾವ ಮರಿಯಪ್ಪ ಹದಿನೆಂಟು ವರ್ಷ ಬಿಡದಿಯ ಒಂದು ಕಂಪನಿಯ ಗೆಸ್ಟ್ ಹೌಸಿನಲ್ಲಿ ಮಾಲಿ ಕೆಲಸ ಮಾಡಿದರು. ವಾರವೆಲ್ಲ ಅಲ್ಲೇ ಇದ್ದು ಭಾನುವಾರ ಮನೆಗೆ ಬರುತ್ತಿದ್ದರು. ಹೊರದೇಶದಿಂದ ಬಂದ ಇಂಜಿನಿಯರುಗಳು ಶನಿವಾರ ಸಂಜೆ ಅಲ್ಲಿನ ಹುಲ್ಲಿನ ಮೇಲೆ ಕೆಂಡ ಹಾಕಿಸಿಕೊಂಡು ಕೋಳಿ ಸುಡಿಸುತ್ತಿದ್ದರಂತೆ. ಅಡುಗೆಯ ದಿಲ್ಶಾದ್ ಒಂದು ತುಂಡು ಇವರಿಗೂ ಕೊಡುತ್ತಿದ್ದಳಂತೆ. ಭಾನುವಾರ ಬಂದು ಕೈಕಾಲು ತೊಳೆಯುವ ಮುಂಚೆಯೇ ಅದರ ವರ್ಣನೆ ಶುರು.

"ಹವಾಯಿ ಕೋಳಿ ಅಂತಾರಂತೆ ಕಣೆ. ಪೈನಾಪಲ್ ರಸದಾಗೆ ನೆನ್ಸಿ, ಕೆಂಡದ ಮ್ಯಾಲೆ ಸುಡ್ತಾಳೆ ಆ ದಿಲ್ಶಾದು. ಜೊತೆಗೆ ಹಣ್ಣಿನ ಬಿಲ್ಲೇನೂ ಸುಟ್ಟು ಇಕ್ತಾಳೆ. ಒಂದ್ಸಲ ನೀನೂ ಮಾಡು."

"ಹವಾಯಿ ಅಂದ್ರೆ ಚಪ್ಲಿ ಅಲ್ವಾ? ಚಪ್ಲಿ ಹೆಸರಿನ ಕೋಳೀನ ನನ್ ಒಲೆ ಮ್ಯಾಲೆ ಇಕ್ಕಲ್ಲ. ಕೋಳಿಗೆ ಯಾರಾದ್ರೂ ಹಣ್ಣು ಹಾಕ್ತಾರಾ? ಅಷ್ಟೊಂದು ರುಚಿ ಕಂಡಿದ್ರೆ ಅವಳ ಕೈಲೇ ಮಾಡಿಸ್ಕಂಡು ಅಲ್ಲೇ ಇದ್ಬುಡಿ" ಅನ್ನುತ್ತಿದ್ದರು ಅತ್ತೆ.

ನನಗೆ ಮಾವನ ಮೇಲೂ ಸಿಟ್ಟು ಬರುತ್ತಿತ್ತು. ಹೆಂಡತಿಯ ಮುಂದೆ ಕೂತು ಇನ್ನೊಬ್ಬಳ ಕೈಯಡುಗೆ ಹೊಗಳುವವರಿಗೆ ಏನನ್ನೋಣ? ಆದರೆ ಆ ಮನುಷ್ಯ ಬೇರೆ ಏನನ್ನೂ ಬಾಯಿಬಿಟ್ಟು ಕೇಳಿದವರಲ್ಲ. ಹಾಕಿದ್ದು ಉಣ್ಣುತ್ತಿದ್ದರು, ಕೊಟ್ಟ ಬಟ್ಟೆ ಹಾಕಿಕೊಳ್ಳುತ್ತಿದ್ದರು. ಕೇಳಿದ್ದು ಇದೊಂದನ್ನೇ.

ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಆಸೆ ಹೋಗಲಿಲ್ಲ. ಹೋದ ವರ್ಷ ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಮಾಗಡಿ ಸಂತೆಯಿಂದ ತಾವೇ ಒಂದು ಅನಾನಸ್ ತಂದು ಅಡುಗೆಮನೆಯಲ್ಲಿ ಇಟ್ಟರು. ಈ ಸಲ ಏನೂ ಹೇಳಲಿಲ್ಲ. ಸುಮ್ಮನೆ ಇಟ್ಟು ಹೋಗಿ ಜಗುಲಿಯಲ್ಲಿ ಕೂತರು. ಅತ್ತೆ ಅದನ್ನು ನೋಡಿದರು, ಹೆಚ್ಚಿದರು, ಬೋಗುಣಿಗೆ ಹಾಕಿಕೊಂಡು ಹೋಗಿ ಹಸುವಿನ ಮುಂದೆ ಸುರಿದರು. ಮಾವ ಅದನ್ನು ನೋಡುತ್ತಲೇ ಇದ್ದರು. ಆಮೇಲೆ ಒಳಗೆ ಬಂದು ಮಟನ್ ಸಾರಿನಲ್ಲಿ ಎರಡು ಮುದ್ದೆ ಉಂಡು, ಎಂದಿನ ಹಾಗೆ ಚೆನ್ನಾಗಿದೆ ಅಂದರು. ಆಷಾಢದಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ನಮ್ಮಲ್ಲಿ ವರ್ಷ ತುಂಬುವ ತನಕ ಸತ್ತವರನ್ನು ಹಿರಿಯರ ಸಾಲಿಗೆ ಸೇರಿಸುವುದಿಲ್ಲ. ಹಾಗಾಗಿ ಈ ಸಲದ ಪಿತೃಪಕ್ಷದಲ್ಲಿ ಮಾವನಿಗೆ ಮೊದಲ ಎಡೆ. ಹೊಸ ಪಂಚೆ, ಶರಟು ಇಟ್ಟು, ಬದುಕಿದ್ದಾಗ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಗೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲಬೇಕು. ಹಬ್ಬಕ್ಕೆ ಮೂರು ವಾರ ಇರುವಾಗ, ನಾನು ಡೇರಿಗೆ ಹಾಲು ಹಾಕಿ ಬಂದಾಗ ಅತ್ತೆ ಹೊಸಿಲ ಮೇಲೆ ಕೂತಿದ್ದರು.

"ಲತಾ, ನಿಮ್ ಮಾವನ ಎಡೆಗೆ ಆ ಪೈನಾಪಲ್ ಕೋಳಿ ಇಕ್ಬೇಕು."

ಇರಲಿ ಬಿಡಿ ಅತ್ತೆ, ಖಂಡಿತ ಮಾಡೋಣ ಅಂದೆ. ಅಂದು ಕೆಟ್ಟೆ.

ಎಡೆಗೆ ಇಡುವ ಅಡುಗೆಯನ್ನು ಇಡುವ ಮೊದಲು ಯಾರೂ ಬಾಯಿಗೆ ಹಾಕುವಂತಿಲ್ಲ. ಸಾರಿನ ಉಪ್ಪು ಕೂಡ ನೋಡುವಂತಿಲ್ಲ. ಸಾರಾದರೆ ಅತ್ತೆಗೆ ಕಣ್ಣು ಮುಚ್ಚಿದರೂ ಗೊತ್ತು. ಇದನ್ನು ಜನ್ಮದಲ್ಲಿ ಕಂಡವರಿಲ್ಲ. ಹಾಗಾಗಿ ಮೊದಲೇ ಮಾಡಿ ನೋಡಿ ಕೈ ಕೂರಿಸಿಕೊಳ್ಳಬೇಕು ಅಂತಾಯಿತು. ಮಾಡಿದ್ದನ್ನು ರುಚಿ ನೋಡುವವರು ನಾವು. ಅತ್ತೆ ಮಾತ್ರ ಒಂದು ಚೂರೂ ಮುಟ್ಟುವುದಿಲ್ಲವಂತೆ. "ಅವ್ರು ತಿನ್ನೋಕ್ ಮುಂಚೆ ನಾನ್ ಹೆಂಗವ್ವಾ ತಿನ್ಲಿ?" ಅಂದರು.

ನನ್ನ ಮಗಳು ರಮ್ಯಾ ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ಸೋಯಾ ಸಾಸ್, ಶುಂಠಿ, ಬೆಳ್ಳುಳ್ಳಿ, ಕಂದು ಸಕ್ಕರೆ, ಅನಾನಸ್ ರಸ. ಸಕ್ಕರೆಗೆ ಬದಲು ಬೆಲ್ಲ ಸರಿಹೋಯಿತು. ಮಾಗಡಿಯಿಂದ ಸೋಯಾ ಸಾಸ್ ತಂದರೆ ಅತ್ತೆ ಮುಚ್ಚಳ ತೆಗೆದು ಮೂಸಿ, "ಥೂ, ಹಳಸಿದ ಹುರುಳಿ ಕಟ್ಟು" ಅಂದು ಪಕ್ಕಕ್ಕಿಟ್ಟರು. ರಮ್ಯಾ "ಬಾಯ್ಲರ್ ಕೋಳಿ ತನ್ನಿ" ಅಂದಳು. ಆಗ ನೋಡಬೇಕಿತ್ತು ಇವರ ಅವತಾರ.

"ಎಡೆಗೆ ಫಾರಂ ಕೋಳಿನಾ? ನಿಮ್ ತಾತ ಏನ್ ಹೋಟ್ಲಲ್ಲಿ ಕುಂತವ್ರಾ?"

"ಅಜ್ಜಿ, ಗೆಸ್ಟ್ ಹೌಸಲ್ಲಿ ತಿಂದಿದ್ದೂ ಫಾರಂ ಕೋಳೀನೇ."

"ಅದು ಅವರ ಮನೆ. ಇದು ನಮ್ಮನೆ. ಹಿರೀಕರಿಗೆ ನಾಟಿ ಕೋಳೀನೇ ಆಗ್ಬೇಕು."

ಹಟ ಅಂದರೆ ಹಟ. ಹಿತ್ತಿಲಲ್ಲಿ ಓಡಾಡುತ್ತಿದ್ದ ಎರಡು ವರ್ಷದ ಹುಂಜವನ್ನೇ ಹಿಡಿಸಿದರು. ಪುಕ್ಕ ಕಿತ್ತು, ಅರಿಶಿನ ಸವರಿ, ಬೆಂಕಿಯಲ್ಲಿ ಸೀಸಿ, ಈಳಿಗೆಮಣೆಯ ಮುಂದೆ ಕೂತು ಸಾರಿಗೆ ಕೊಯ್ಯುವ ಹಾಗೆ ಚಿಕ್ಕ ಚಿಕ್ಕ ತುಂಡು ಮಾಡಿದರು. ಅತ್ತೆ, ದೊಡ್ಡ ತುಂಡಿರಲಿ ಅಂದೆ. ಯಾರು ಕೇಳಬೇಕು? ಒಂದು ಗಂಟೆ ನೆನೆಸಿ ಅಂತ ಫೋನಿನಲ್ಲಿದೆ ಅಂದರೆ, "ಅದು ಮೆತ್ತನೆ ಕೋಳಿಗೆ. ಈ ಹುಂಜ ಕಲ್ಲಿದ್ದಂಗೆ ಐತೆ, ಒಂದ್ ರಾತ್ರಿನಾದ್ರೂ ನೆನೀಬೇಡ್ವಾ?" ಅಂದು ಹಸಿ ಅನಾನಸ್ ರುಬ್ಬಿ ಸುರಿದು ಮುಚ್ಚಿಟ್ಟರು.

ಬೆಳಿಗ್ಗೆ ನನ್ನ ಗಂಡ ಮನೋಹರ್ ಮೂರು ಕಲ್ಲಿಟ್ಟು ತೆಂಗಿನ ಚಿಪ್ಪಿನ ಕೆಂಡ ಮಾಡಿದರು. ಸುಡಲು ಜಾಲರಿ ಬೇಕಲ್ಲ, ಈ ಮಹಾರಾಯ ನನ್ನನ್ನು ಒಂದು ಮಾತೂ ಕೇಳದೆ ಫ್ರಿಜ್ಜಿನೊಳಗಿನ ತಂತಿ ತಟ್ಟೆಯನ್ನೇ ಕಿತ್ತು ತಂದು ಕೆಂಡದ ಮೇಲಿಟ್ಟಿದ್ದರು. ಅದರ ಬಿಳಿ ಬಣ್ಣ ಬುರಬುರನೆ ಉಬ್ಬಿ ಕರಗಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬೀದಿಯ ತುದಿಗೆ ಹೋಯಿತು. ಹಾಲು, ಮೊಸರು, ಸೊಪ್ಪೆಲ್ಲ ಫ್ರಿಜ್ಜಿನ ತಳದಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ನಾನು ತಲೆ ತಲೆ ಚಚ್ಚಿಕೊಂಡೆ. ಆ ತಟ್ಟೆಯನ್ನು ಎಸೆದು, ಬೇಲಿಗೆ ತಂದಿದ್ದ ತಂತಿ ಬಲೆಯ ತುಂಡನ್ನು ಹಾಸಿದ್ದಾಯಿತು. ರಾತ್ರಿಯೆಲ್ಲ ಹಸಿ ಅನಾನಸ್ಸಿನಲ್ಲಿ ನೆನೆದ ಮಾಂಸದ ಮೇಲ್ಭಾಗ ಅಂಬಲಿಯಾಗಿತ್ತು. ಇಟ್ಟ ತಕ್ಷಣ ಜಾರಿ ಕೆಂಡಕ್ಕೆ ಬಿತ್ತು. ಮೂಳೆಗೆ ಅಂಟಿದ್ದು ಮಾತ್ರ ಹುಂಜದ ಗುಣ ಬಿಟ್ಟಿರಲಿಲ್ಲ, ಜಗಿದು ಜಗಿದು ದವಡೆ ನೋವು ಬಂತು.

"ನೋಡುದ್ರಾ? ಇದು ಚೆನ್ನಾಗಿರಕ್ಕೆ ಸಾಧ್ಯಾನೇ ಇಲ್ಲ" ಅಂದರು ಅತ್ತೆ. ಗೆದ್ದವರ ಹಾಗಿತ್ತು ಮುಖ. ಮರುಕ್ಷಣವೇ, "ಬರೋ ಭಾನುವಾರ ಇನ್ನೊಂದ್ ಹುಂಜ ಹಿಡೀರಿ" ಅಂದರು.

ಎರಡನೇ ಹುಂಜವೂ ಹಾಗೇ ಹಾಳಾಯಿತು. ಸಾಕಪ್ಪಾ ಸಾಕು ಅನ್ನಿಸಿತು ನನಗೆ. ಹಿತ್ತಿಲಲ್ಲಿ ಇನ್ನೆಷ್ಟು ಕೋಳಿ ಉಳಿದಿವೆ ಅಂತ ಬೇರೆ ನೋಡಬೇಕಲ್ಲ. "ಅತ್ತೆ, ಮಾವನಿಗೆ ಮಾಡಿಕೊಟ್ಟವರನ್ನೇ ಹೋಗಿ ಕೇಳೋಣ. ಬಿಡದಿಗೆ ನಡೀರಿ" ಅಂದೆ.

"ಬ್ಯಾಡ."

"ಹಾಗಾದ್ರೆ ಎಡೆಗೆ ಇದನ್ನ ಇಡೋದೂ ಬೇಡ, ಸಾರೊಂದೇ ಸಾಕು ಬಿಡಿ" ಅಂದೆ ಗಟ್ಟಿಯಾಗಿ. ಅವರ ಮುಂದೆ ನಾನು ಹಾಗೆ ದನಿ ಏರಿಸಿದ್ದು ಅದೇ ಮೊದಲು. ಅತ್ತೆ ನನ್ನ ಮುಖ ನೋಡಿದರು. ಮಾರನೇ ದಿನ ನನಗಿಂತ ಮೊದಲೇ ಸೀರೆ ಉಟ್ಟುಕೊಂಡು ಬಸ್ಸಿಗೆ ನಿಂತಿದ್ದರು.

ದಿಲ್ಶಾದ್ ಈಗ ಗೆಸ್ಟ್ ಹೌಸ್ ಬಿಟ್ಟು ಬಿಡದಿ ಕೈಗಾರಿಕಾ ಪ್ರದೇಶದ ಹತ್ತಿರ ಸಣ್ಣ ಕಬಾಬ್ ಅಂಗಡಿ ಇಟ್ಟಿದ್ದಾರೆ. ಅತ್ತೆ ಏನು ಅಂದುಕೊಂಡಿದ್ದರೋ, ಎದುರಿಗೆ ಬಂದದ್ದು ಅರವತ್ತು ದಾಟಿದ, ಮಂಡಿ ನೋವಿನ ಹೆಂಗಸು. ಮರಿಯಪ್ಪನ ಮನೆಯವರು ಅಂದ ಕೂಡಲೇ ಸೌಟು ಕೆಳಗಿಟ್ಟು ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡರು.

"ಮರಿಯಣ್ಣ ಹೋಗಿದ್ದು ನಂಗೆ ಎಷ್ಟೋ ದಿನ ಆದ್ಮೇಲೆ ಗೊತ್ತಾಯ್ತಮ್ಮಾ. ನೀವೇನಾ ಶಿವಲಿಂಗಮ್ಮ? ಅಲ್ಲಾ, ನಿಮ್ ಕೋಳಿ ಸಾರಿನ ವಿಷ್ಯ ಕೇಳಿ ಕೇಳಿ ನನ್ ಕಿವಿ ತೂತಾಗ್ಬಿಟ್ಟಿತ್ತು. ನಾನ್ ಏನ್ ಮಾಡಿ ಕೊಟ್ರೂ, 'ನಮ್ಮನೆಯವ್ಳು ಮಾಡಿದ್ರೆ ಇದು ಇನ್ನೂ ಬೇರೆ ಥರ ಇರ್ತಿತ್ತು ದಿಲ್ಶಾದಮ್ಮಾ' ಅಂತಿದ್ರು. ಎಷ್ಟ್ ಸಿಟ್ಟು ಬರ್ತಿತ್ತು ಗೊತ್ತಾ ನಂಗೆ!"

ನನಗೆ ಮಾವ ಸಿಕ್ಕಿದ್ದರೆ ಅಲ್ಲೇ ನಾಲ್ಕು ಮಾತು ಆಡಿಬಿಡುತ್ತಿದ್ದೆ. ಅವರ ಮುಂದೆ ಇವರನ್ನು ಹೊಗಳಿ, ಇವರ ಮುಂದೆ ಅವರನ್ನು ಹೊಗಳಿ, ಹೇಳಬೇಕಾದವರಿಗೆ ಹೇಳಬೇಕಾದ್ದನ್ನು ಹೇಳದೇ ಹೋದರಲ್ಲ!

ನಾವು ಮಾಡಿದ ಘನಕಾರ್ಯ ಕೇಳಿ ದಿಲ್ಶಾದ್ ನಗು ತಡೆದುಕೊಂಡರು. "ಹಸಿ ಹಣ್ಣಲ್ಲಿ ರಾತ್ರಿ ಪೂರಾ ಇಟ್ರೆ ಮಾಂಸ ಕರ್ಗೋಗುತ್ತಮ್ಮಾ. ನಾವು ಹಾಕ್ತಿದ್ದಿದ್ದು ಡಬ್ಬಿ ಹಣ್ಣು. ಹಸೀದೇ ಆದ್ರೆ ರಸಾನ ಕುದ್ಸಿ, ಆರ್ಸಿ ಹಾಕಿ. ಬೆಲ್ಲ ಬೇಗ ಸೀಯುತ್ತೆ, ಕೆಂಡ ಸಣ್ಣಗಿರ್ಲಿ. ಮೊದ್ಲು ತೊಡೆ ಇಡಿಯಾಗಿ ಬೇಯ್ಲಿ, ಸಾಸು ಕೊನೇಗೆ ಸವರಿ. ಹುಂಜ ಮಾತ್ರ ಬೇಡ."

"ನಾಟೀನೇ ಆಗ್ಬೇಕು" ಅಂದರು ಅತ್ತೆ. ಅಂಗಡಿಗೆ ಕಾಲಿಟ್ಟ ಮೇಲೆ ಅವರಾಡಿದ ಮೊದಲ ಮಾತು ಅದು.

"ಹಂಗಾದ್ರೆ ಇನ್ನೂ ಮೊಟ್ಟೆಗೆ ಕೂರದ ಎಳೇ ಹ್ಯಾಟೆ ಕೋಳಿ ತಗೊಳ್ಳಿ" ಅಂದು, ದಿಲ್ಶಾದ್ ತಮ್ಮ ಒಂದು ಕಬ್ಬಿಣದ ಜಾಲರಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ಬಸ್ಸಿನಲ್ಲಿ ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಮಾಗಡಿಯವರೆಗೂ ಕಿಟಕಿಯ ಕಡೆ ನೋಡುತ್ತಿದ್ದರು. ಮಾಗಡಿಯಲ್ಲಿ ಇಳಿಯುವಾಗ, "ಏನೇ ಆದ್ರೂ ಕೋಳಿಗೆ ಹಣ್ಣು ಹಾಕುದ್ರೆ ಚೆನ್ನಾಗಿರಕ್ಕಿಲ್ಲ ಕಣವ್ವಾ" ಅಂದರು. ದೇವರೇ, ಇನ್ನೂ ಅದೇ ರಾಗ!

ಹಬ್ಬದ ದಿನ ಮುದ್ದೆ, ಸಾರು, ವಡೆ, ಪಾಯಸ ಎಲ್ಲ ನನ್ನ ಕೈಗೆ ಬಿಟ್ಟು ಅತ್ತೆ ಹಿತ್ತಿಲಲ್ಲಿ ಕೆಂಡದ ಮುಂದೆ ಕೂತರು. ಮನೋಹರ್ ಮೊರ ಹಿಡಿದು ಗಾಳಿ ಹಾಕಲು ಹೋದರೆ, "ಅದೇನ್ಲಾ ಹಂಗ್ ಬೀಸ್ತೀಯ, ಬೂದಿ ಹಾರ್ತೈತೆ. ಅತ್ಲಾಗ್ ಹೋಗು" ಅಂತ ಓಡಿಸಿದರು. ನಾನು ಹೋದರೆ ನನಗೂ ಅದೇ ಪೂಜೆ. ಸೊಂಟ ನೋವು ಅಂತ ದಿನವೂ ನರಳುವವರು ಒಂದೂವರೆ ಗಂಟೆ ಕುಕ್ಕರಗಾಲಲ್ಲಿ ಕೂತಿದ್ದರು. ಬಾಯಿಗೆ ಹಾಕಿ ನೋಡುವಂತಿಲ್ಲವಲ್ಲ, ಬಗ್ಗಿ ಬಗ್ಗಿ ಮೂಸುತ್ತಿದ್ದರು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕುವ ಸದ್ದು ಕೇಳಿ ಇಕ್ಕಳದಿಂದ ತಿರುಗಿಸುತ್ತಿದ್ದರು. ಬೆಲ್ಲದ ಸಾಸು ಸವರಿದಾಗ ಬಂದ ಘಮಕ್ಕೆ ರಮ್ಯಾ ಬಾಗಿಲಿಗೆ ಬಂದು ನಿಂತಳು. ಕೊನೆಗೆ ಅನಾನಸ್ ಬಿಲ್ಲೆಗಳನ್ನು ಸುಟ್ಟು ಪಕ್ಕಕ್ಕೆ ಜೋಡಿಸಿದರು. ಹೊಗೆಗೆ ಅವರ ಕಣ್ಣು ಕೆಂಪಾಗಿದ್ದವು.

ಮಾವನ ಫೋಟೋದ ಮುಂದೆ ಬಾಳೆ ಎಲೆ ಹಾಕಿ ಎಲ್ಲ ಬಡಿಸಿದೆವು. ಬೀಡಿ ಕಟ್ಟು, ಒಂದು ಕ್ವಾರ್ಟರ್ ಬ್ರಾಂದಿಯನ್ನೂ ಮನೋಹರ್ ಇಟ್ಟರು. ಕೋಳಿಯನ್ನು ಅತ್ತೆ ತಾವೇ ಇಟ್ಟರು. ಒಬ್ಬೊಬ್ಬರೂ ಧೂಪ ಹಾಕಿ ಕೈ ಮುಗಿದೆವು. ಅತ್ತೆ ಮಾತ್ರ ಎಷ್ಟು ಹೊತ್ತಾದರೂ ಕಣ್ಣು ಬಿಡಲಿಲ್ಲ, ತುಟಿ ಅಲ್ಲಾಡುತ್ತಲೇ ಇತ್ತು. ನಾನೇ ತೋಳು ಹಿಡಿದು ಹೊರಗೆ ಕರೆತಂದು ಬಾಗಿಲು ಎಳೆದೆ.

ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋದ ಮೇಲೆ ಎಡೆಯನ್ನು ಮನೆಯವರೆಲ್ಲ ಹಂಚಿಕೊಂಡು ಉಣ್ಣಬೇಕು. ಅತ್ತೆ ಯಾರಿಗೂ ಏನೂ ಹೇಳದೆ ಎಲೆಯ ಮುಂದೆಯೇ ಕೂತು ಒಂದು ತೊಡೆಯನ್ನು ಕೈಗೆತ್ತಿಕೊಂಡರು. ಒಂದು ಚೂರು ಕಿತ್ತು ಬಾಯಿಗಿಟ್ಟುಕೊಂಡರು. ನಾವು ಮೂವರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು. ಈಗ ಥೂ ಅನ್ನುತ್ತಾರೆ, ಈಗ ಉಗುಳುತ್ತಾರೆ ಅಂತ ನಾನು ಕಾಯುತ್ತಿದ್ದೆ. ಮೂರು ವಾರ ಪಟ್ಟ ಪಾಡೆಲ್ಲ ನೆನೆದು, ಹಾಗೇನಾದರೂ ಅಂದರೆ ಇವತ್ತು ಬಿಡುವುದಿಲ್ಲ ಅಂತ ಸೆರಗು ಬಿಗಿದುಕೊಂಡಿದ್ದೆ. ಅವರು ಇನ್ನೊಂದು ಚೂರು ಕಿತ್ತರು. ಅನಾನಸ್ ಬಿಲ್ಲೆಯನ್ನು ಅದರ ಜೊತೆ ಮಡಚಿ ತಿಂದರು. ತೊಡೆ ಪೂರ್ತಿ ಮುಗಿಸಿ ಮೂಳೆ ಕೆಳಗಿಟ್ಟರು.

"ಚೆನ್ನಾಗೈತೆ ಕಣೇ ಲತಾ" ಅಂದರು.

ನನಗೆ ಖುಷಿಯಾಗಿ, "ಆಯ್ತಲ್ಲ ಅತ್ತೆ, ಮಾವನಿಗೂ ತಲುಪಿರುತ್ತೆ ಬಿಡಿ" ಅಂದೆ.

ಅವರು ಅಡ್ಡಡ್ಡ ತಲೆ ಆಡಿಸಿದರು. ಎಂಜಲು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಫೋಟೋದ ಕಡೆ ನೋಡದೆ, ನೆಲ ನೋಡುತ್ತಾ ಹೇಳಿದರು:

"ಕೆಟ್ಟದಾಗಿರ್ಲಿ ಅಂತ ಬೇಡ್ಕಂಡಿದ್ದೆ ಕಣವ್ವಾ. ಧೂಪ ಹಾಕ್ವಾಗ್ಲೂ ಅದನ್ನೇ ಬೇಡ್ಕಂಡೆ. ಬಾಯಿಗ್ ಇಕ್ಕಕ್ ಆಗ್ದಂಗೆ ಇದ್ದಿದ್ರೆ, ಮಾಡ್ಕೊಡ್ದೇ ಇದ್ದಿದ್ದೇ ಒಳ್ಳೇದಾಯ್ತು ಅಂತ ಸುಮ್ನಾಗ್ತಿದ್ದೆ. ಇಷ್ಟ್ ಚೆನ್ನಾಗೈತಲ್ಲೇ... ಅವ್ರು ತಂದ ಹಣ್ಣ ಹಸುವಿನ್ ಮುಂದೆ ಸುರ್ದ್ಬುಟ್ನಲ್ಲೇ ನಾನು."

ರಮ್ಯಾ ಅಜ್ಜಿಯ ಪಕ್ಕ ಕೂತಳು. ಮನೋಹರ್ ಗೋಡೆ ಕಡೆ ತಿರುಗಿದರು. ನಾನು ಅತ್ತೆಯ ಕೈ ತೊಳೆಸಲು ಚೊಂಬು ತಂದೆ. ಅವರು ಬ್ಯಾಡ ಅನ್ನಲಿಲ್ಲ, ಕೈ ಚಾಚಿದರು.