ಗುರುಪುರದ ಕಾರು ಮತ್ತು ಮೈಲೇಜಿನ ಜಗಳ

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಹುಣಸೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೆ. ನನ್ನ ಬಳಿ ಕಲಿತವರ ಬಗ್ಗೆ ಯಾರಾದರೂ ಕೊಂಕು ತೆಗೆದರೆ ಮೈಯೆಲ್ಲ ಉರಿದುಹೋಗುತ್ತಿತ್ತು. ಈಗಲೂ ಅಷ್ಟೇ.

ಒಂದು ಬೆಳಿಗ್ಗೆ ಹತ್ತಿರದ ಗುರುಪುರದ ನಂಜುಂಡ, ಹೆಂಡತಿ ಭಾಗ್ಯಮ್ಮನ ಜೊತೆ ಬಂದ. ಭಾಗ್ಯಮ್ಮ ಆರು ತಿಂಗಳ ಹಿಂದೆ ನನ್ನಲ್ಲೇ ಕಲಿತು ಲೈಸೆನ್ಸ್ ಪಡೆದವರು. ಮನೆಯ ಹಳೇ ಸಣ್ಣ ಕಾರಿನಲ್ಲಿ ಸೊಪ್ಪು, ಬೀನ್ಸ್ ತುಂಬಿಕೊಂಡು ಹುಣಸೂರು, ಪಿರಿಯಾಪಟ್ಟಣದ ಹೋಟೆಲ್‌ಗಳಿಗೆ ತಾವೇ ಹಾಕಿ ಬರುತ್ತಿದ್ದರು.

"ಏನ್ ಕಲ್ಸಿದ್ರಿ ಮೇಷ್ಟ್ರೇ? ಲೀಟರ್‌ಗೆ ಹದಿನಾರು ಕೊಡ್ತಿದ್ದ ಗಾಡಿ, ಇವ್ಳ ಕೈಗೆ ಹೋದ್ಮೇಲೆ ಹದಿಮೂರಕ್ಕೆ ಇಳ್ದದೆ. ಮಾರ್ಬುಡ್ತೀನಿ ಕಣ್ರೀ. ಭಾನುವಾರ ನೋಡಕ್ಕೆ ಬತ್ತಾವ್ರೆ" ಅಂದ ನಂಜುಂಡ.

ಭಾಗ್ಯಮ್ಮನ ಕಣ್ಣು ತುಂಬಿತ್ತು. "ಕಾರು ಓದ್ರೆ ನನ್ ಯಾಪಾರನೂ ಓಯ್ತು ಮೇಷ್ಟ್ರೇ. ಬಸ್ಸಿಗೆ ಕಾಯ್ತಾ ಕೂತ್ರೆ ಸೊಪ್ಪು ಬಾಡೋಯ್ತದೆ."

ನನಗೆ ಸಿಟ್ಟು ನೆತ್ತಿಗೇರಿತು. "ಹತ್ತಿ ಇಬ್ಬರೂ, ನೋಡೇಬಿಡೋಣ" ಎಂದು ಪಿರಿಯಾಪಟ್ಟಣದ ರಸ್ತೆಗೆ ಹೊರಡಿಸಿದೆ. ಭಾಗ್ಯಮ್ಮ ಸ್ಟೀರಿಂಗ್ ಹಿಡಿದರು. ನಾನು ಪಕ್ಕದಲ್ಲಿ, ನಂಜುಂಡ ಹಿಂದೆ, ಮುಖ ಊದಿಸಿಕೊಂಡು. ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುವ ಚಾಳಿ ಆಕೆಗಿರಲಿಲ್ಲ, ಗೇರ್ ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು. ಹಾಗಾದರೆ ಪೆಟ್ರೋಲ್ ಎಲ್ಲಿ ಹೋಗುತ್ತಿದೆ? ನನಗೂ ತಲೆಬುಡ ತಿಳಿಯಲಿಲ್ಲ.

ನನ್ನ ಪಾಠದಲ್ಲಿ ಒಂದು ರೂಢಿಯಿತ್ತು. ಹೊಸಬರು ಬಾನೆಟ್ಟನ್ನೇ ನೋಡುತ್ತಾ ಓಡಿಸುತ್ತಾರೆ. ದೃಷ್ಟಿ ದೂರಕ್ಕೆ ಹೋಗಲೆಂದು, ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಕಂಡ ಕೂಡಲೇ ಅವರಿಂದ ಕೂಗಿಸುತ್ತಿದ್ದೆ. ಪಕ್ಕದಲ್ಲಿ ನಾನು ಕೂತಿದ್ದಕ್ಕೋ ಏನೋ, ಭಾಗ್ಯಮ್ಮ ಹಾಗೇ ಕೂಗತೊಡಗಿದರು. ಊರು ದಾಟಿ ಒಂದು ಕಲ್ಲಿನ ಬಳಿ ನಾನು ಮೀಟರ್ ನೋಡಿಟ್ಟುಕೊಂಡಿದ್ದೆ. ಅಲ್ಲಿಂದ ಹತ್ತನೇ ಕಲ್ಲು ಬಂದಾಗ ಮತ್ತೆ ನೋಡುತ್ತೇನೆ, ಮೀಟರ್ ಒಂಬತ್ತು ಕಿಲೋಮೀಟರ್ ಕೂಡ ಓಡಿರಲಿಲ್ಲ!

ಗಾಡಿ ನಿಲ್ಲಿಸಿ ಇಳಿದೆ. ಚಕ್ರಗಳು ಆ ಕಾರಿನವಲ್ಲ. ರಿಮ್ ಸಮೇತ ಒಂದು ಸೈಜ್ ದೊಡ್ಡವು.

"ಯಾರಯ್ಯಾ ಇದನ್ನ ಹಾಕ್ಸಿದ್ದು?"

ನಂಜುಂಡ ತಲೆ ಕೆರೆದುಕೊಂಡ. "ನಾನೇ. ಇವ್ಳಿಗೆ ಲೈಸೆನ್ಸ್ ಬಂದಾಗ. ಹೊಲದ ದಾರೀಲಿ ಗಾಡಿ ತಳ ಉಜ್ತಿತ್ತು. ಪಾಪ, ಹೊಸ್ದಾಗಿ ಓಡಿಸ್ತಾಳೆ, ಎದ್ರುಕೊಂಡಾಳು ಅಂತ."

ಅಯ್ಯೋ ಪುಣ್ಯಾತ್ಮ! ಮೀಟರ್ ಚಕ್ರದ ಸುತ್ತು ಎಣಿಸಿ ದೂರ ತೋರಿಸುತ್ತದೆ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋದರೂ ಮೀಟರಿನದು ಹಳೇ ಲೆಕ್ಕವೇ. ಕಲ್ಲಿನ ಲೆಕ್ಕ ಹಿಡಿದರೆ ಕಾರು ಹದಿನೈದರ ಹತ್ತಿರ ಕೊಡುತ್ತಿತ್ತು.

"ಒಂದೂವರೆ ಲಕ್ಷ ಕಿಲೋಮೀಟರ್ ಓಡಿರೋ ಎಂಜಿನ್ನು ಕಣಯ್ಯಾ. ಲೋಡ್ ಹೊತ್ಕೊಂಡು ಇಷ್ಟು ಕೊಡೋದಕ್ಕೆ ಕೈ ಮುಗಿ" ಅಂದೆ.

ಭಾಗ್ಯಮ್ಮ ಗಂಡನ ಎದುರು ಸೊಂಟದ ಮೇಲೆ ಕೈ ಇಟ್ಟು ನಿಂತರು. "ನಾನು ಎದ್ರುಕೋಬಾರ್ದು ಅಂತ ಚಕ್ರ ಹಾಕ್ಸಿ, ಅದೇ ಚಕ್ರದ ದೆಸೆಯಿಂದ ಆರ್ ತಿಂಗ್ಳು ನನ್ನೇ ಬೈದ್ರಲ್ಲಾ!"

"ತಪ್ಪಾಯ್ತು ಕಣೆ" ಎಂದ ನಂಜುಂಡ, ಅಲ್ಲೇ ಫೋನ್ ತೆಗೆದು, "ಗಾಡಿ ಮಾರಲ್ಲ ಕಣಣ್ಣ, ಭಾನುವಾರ ಬರಬ್ಯಾಡ" ಎಂದು ಹೇಳಿದ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅಂದಿನಿಂದ ಯಾರೇ ಮೈಲೇಜಿನ ದೂರು ತಂದರೂ, ಓಡಿಸಿದವರನ್ನು ಅನುಮಾನಿಸುವ ಮೊದಲು ಅಳೆದದ್ದು ಹೇಗೆ ಎಂದು ಕೇಳುತ್ತೇನೆ. ಕೆಲಸ ನನಗೆ ಕಲಿಸಿದ್ದು ಇದು. ಕಳೆದ ತಿಂಗಳು ಪಿರಿಯಾಪಟ್ಟಣದಲ್ಲಿ ಅದೇ ಕಾರು ಎದುರಾಯಿತು. ಭಾಗ್ಯಮ್ಮ ಓಡಿಸುತ್ತಿದ್ದರು. ಪಕ್ಕದ ಸೀಟಿನಲ್ಲಿ ನಂಜುಂಡ ಬಾಯಿ ಕಳೆದುಕೊಂಡು ನಿದ್ದೆ ಹೋಗಿದ್ದ.