ಅಕ್ಕೋರು ಬರೆದ ಅಂಕಿಗಳು

ಶಿಗ್ಗಾವಿಯ ಮುನವ್ವರಾ ಅವರನ್ನು ಒಂದು ವರ್ಷ ನಾನೂ ಸುಳ್ಳು ಹೇಳುವ ಹೆಂಗಸು ಎಂದೇ ತಿಳಿದಿದ್ದೆ. ಹುಲಗೂರಿನ ನಮ್ಮ ಮನೆಯಲ್ಲಿ ಯಾರಾದರೂ ಅವರ ಹೆಸರು ಎತ್ತಿದರೆ ನನ್ನ ಮಾವ ಗುದ್ಲೆಪ್ಪನವರು ಎದ್ದು ಕಟ್ಟೆಗೆ ಹೋಗಿ ಕೂರುತ್ತಿದ್ದರು. ನಡೆದದ್ದು ಬೇರೆಯೇ ಎಂದು ಆಮೇಲೆ ತಿಳಿಯಿತು. ತಿಳಿದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಮುನವ್ವರಾ ಹುಟ್ಟಿ ಬೆಳೆದದ್ದು ಸವಣೂರಿನಲ್ಲಿ. ಉರ್ದು ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದರು. ಇಪ್ಪತ್ತನೆಯ ವಯಸ್ಸಿಗೆ ಮದುವೆಯಾಗಿ ಶಿಗ್ಗಾವಿಗೆ ಬಂದರು. ಗಂಡ ನಯೀಮ ಅವರದು ಬೇಕರಿ. ಖಾರಿ, ಟೋಸ್ಟು, ನಾನಖಟಾಯಿ, ಎಲ್ಲ ಅವರ ಭಟ್ಟಿಯಿಂದಲೇ. ಹೊಸದಾಗಿ ಬಂದ ಸೊಸೆಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು ಕೂಡ ಯಾರನ್ನೋ ಕೇಳಬೇಕಿತ್ತು.

ಓದಲು ಕಲಿಸಿದವರು ಎರಡು ಮನೆ ಆಚೆಯ ಸುಶೀಲವ್ವ. ಕನ್ನಡ ಶಾಲೆಯಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿದವರು. ಓಣಿಗೆಲ್ಲ ಅವರು ಅಕ್ಕೋರು. ಮಧ್ಯಾಹ್ನ ಶಾಲೆ ಬಿಟ್ಟು ಬಂದ ಮೇಲೆ ಈ ಹುಡುಗಿಯನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು, ಪಾಟಿಯ ಮೇಲೆ ಅಕ್ಷರ ತಿದ್ದಿಸಿದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮುನವ್ವರಾ ಪೇಪರು ಓದತೊಡಗಿದರು. ಅಂದಿನಿಂದ ಅವರಿಗೆ ಅಕ್ಕೋರು ಹೇಳಿದ್ದು ಒಂದು ತೂಕವಾದರೆ, ಅಕ್ಕೋರು ಬರೆದದ್ದು ಇನ್ನೂ ಹೆಚ್ಚಿನ ತೂಕ.

ನಯೀಮ ಅವರಿಗೆ ನಲವತ್ತಕ್ಕೇ ಶುಗರ್ ಬಂತು. ಡಾಕ್ಟರು ಹೇಳಿದ ಪಥ್ಯಕ್ಕೆ ತಲೆಯಾಡಿಸುತ್ತಿದ್ದರು, ಭಟ್ಟಿಯ ಹಿಂದೆ ನಿಂತು ನಾನಖಟಾಯಿ ತಿನ್ನುತ್ತಿದ್ದರು. ಮುನವ್ವರಾ ಎಷ್ಟೋ ಸಲ ಅವರ ಅಂಗಿಯ ಜೇಬಿನಲ್ಲಿ ಬಿಸ್ಕೀಟಿನ ಪುಡಿ ಕೊಡವಿದ್ದಾರೆ. ಮೊದಲು ಬೆರಳು ಹೋಯಿತು, ಆಮೇಲೆ ಮೊಣಕಾಲ ಕೆಳಗಿನದೆಲ್ಲ ಹೋಯಿತು, ಮರುವರ್ಷ ಅವರೂ ಹೋದರು. ಬೇಕರಿಯನ್ನು ಮೈದುನ ನೋಡಿಕೊಂಡ. ಮುನವ್ವರಾ ಒಂದು ಸಣ್ಣ ಕರೆಂಟಿನ ಓವನ್ ಮತ್ತು ನಾಲ್ಕು ಟ್ರೇ ಮಾತ್ರ ಕೇಳಿ ಮನೆಗೆ ತಂದುಕೊಂಡರು.

ಮೈದಾ ಇಲ್ಲದ, ಸಕ್ಕರೆ ಇಲ್ಲದ ಬಿಸ್ಕೀಟು ಮಾಡಬೇಕೆಂಬುದು ಅವರ ಹಟ. ತಂಗಿಯ ಮಗಳು ಸುಹಾನಾ ಮೊಬೈಲಿನಲ್ಲಿ ತೆಂಗಿನ ಹಿಟ್ಟಿನ ತಿಂಡಿ ತೋರಿಸಿದ್ದಳು. ಕಾಯಿ ತುರಿದು, ರುಬ್ಬಿ, ಹಾಲು ಹಿಂಡಿ, ಉಳಿದ ತುರಿಯನ್ನು ಮಾಳಿಗೆಯ ಮೇಲೆ ಒಣಗಿಸಿ, ಮಿಕ್ಸರಿಗೆ ಹಾಕಿ, ಜರಡಿ ಹಿಡಿದರೆ ಹಿಟ್ಟು ಸಿದ್ಧ. ಆದರೆ ಆ ಹಿಟ್ಟು ಎಷ್ಟು ನೀರು ಹಾಕಿದರೂ ಕುಡಿಯುತ್ತಿತ್ತು. ಬೆಂದ ಬಿಸ್ಕೀಟು ಕೈಗೆತ್ತಿಕೊಂಡರೆ ಉಸುಕಿನಂತೆ ಉದುರುತ್ತಿತ್ತು. ಕೋಳಿಯ ತತ್ತಿ ಹಾಕಿದರೆ ಹಿಡಿದುಕೊಳ್ಳುತ್ತಿತ್ತು, ಆದರೆ ಅಕ್ಕೋರು ತತ್ತಿ ತಿನ್ನುವವರಲ್ಲ. ಅವರಿಗೂ ಹತ್ತು ವರ್ಷದಿಂದ ಶುಗರ್. ಅವರ ಬಾಯಿಗೆ ಹೋಗದ ಬಿಸ್ಕೀಟು ಮಾಡಿ ಏನು ಪ್ರಯೋಜನ ಎಂದು ಮುನವ್ವರಾ ಮತ್ತೆ ಮೊದಲಿನಿಂದ ಶುರು ಮಾಡಿದರು. ಕೊನೆಗೆ ಅಗಸಿ ಬೀಜದ ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿದಾಗ ಅದು ಲೋಳೆಯಾದದ್ದು ಕಂಡು, ಅದನ್ನೇ ಹಿಟ್ಟಿಗೆ ಕಲೆಸಿದರು. ಸಿಹಿಗೆ ಸ್ಟೀವಿಯಾ ಎನ್ನುವ ಸಿಹಿತುಳಸಿಯ ಎಲೆಯ ಪುಡಿ, ಘಮಕ್ಕೆ ಏಲಕ್ಕಿ. ಬಿಸ್ಕೀಟು ಒಡೆಯಲಿಲ್ಲ.

ಮೊದಲ ತಟ್ಟೆ ಅಕ್ಕೋರ ಮನೆಗೇ ಹೋಯಿತು.

"ತಿನ್ರಿ ಅಕ್ಕೋರ. ತತ್ತಿ ಹಾಕಿಲ್ಲ, ಅಗಸಿ ಹಾಕೇನಿ."

ಅಕ್ಕೋರು ಒಂದು ತಿಂದು ಇನ್ನೊಂದಕ್ಕೆ ಕೈ ಹಾಕಿದರು. "ಭಾಳ ಛಲೋ ಆಗ್ಯಾವ. ನನ್ನ ಮ್ಯಾಲೇ ಪರೀಕ್ಷಾ ಮಾಡು. ಮೊನ್ನೆ ದವಾಖಾನ್ಯಾಗ ನೋಡಿದಾಗ ನಂದು ಎರಡನೂರಾ ಅರವತ್ತೆಂಟು ಇತ್ತು. ರುದ್ರೇಶ ಚೆಕ್ ಮಾಡೂ ಮಷೀನ್ ತಂದಿಟ್ಟಾನ. ವಾರಕ್ಕೊಮ್ಮೆ ನೋಡಿ ಬರದಿಡ್ತೇನಿ."

ರುದ್ರೇಶ ಅವರ ಮಗ, ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಅವನ ಹೆಂಡತಿ ತನುಜಾ ಹಾನಗಲ್ಲಿನಲ್ಲಿ ನನ್ನ ಜೊತೆ ಹೈಸ್ಕೂಲು ಓದಿದವಳು. ಈ ಕಥೆಯ ಅರ್ಧ ನನಗೆ ತಿಳಿದದ್ದು ಅವಳಿಂದ.

ಅದು ಸಂಕ್ರಾಂತಿಯ ಮರುವಾರ. ಅಲ್ಲಿಂದ ಪ್ರತಿ ಸೋಮವಾರ ಸಂಜೆ ನಾಲ್ಕಕ್ಕೆ ಮುನವ್ವರಾ ಹೊಸ ಬಿಸ್ಕೀಟು ಹಿಡಿದು ಅಕ್ಕೋರ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಎಷ್ಟ ಬಂತ್ರಿ?" ಅಕ್ಕೋರು ಕನ್ನಡಕ ಹಾಕಿಕೊಂಡು ನೋಟ್‌ಬುಕ್ಕು ತೆರೆದು ಓದುತ್ತಿದ್ದರು. ಎರಡನೂರಾ ನಲವತ್ತು. ಎರಡನೂರಾ ಹನ್ನೆರಡು. ಒಂದು ವಾರ ಸ್ವಲ್ಪ ಏರಿತ್ತು, "ಮದವಿ ಊಟ ಆತು ನೋಡು" ಎಂದಿದ್ದರು. ಮತ್ತೆ ಇಳಿಯಿತು. ಜೂನ್ ತಿಂಗಳಿಗೆ ನೂರಾ ಮೂವತ್ನಾಲ್ಕು. ಅಂದು ಮುನವ್ವರಾ ಅಲ್ಲೇ ಹೊಸ್ತಿಲ ಮೇಲೆ ಕುಳಿತು ಅತ್ತುಬಿಟ್ಟರು. "ಇದು ನಾಕ್ ವರ್ಷ ಮೊದಲ ಬಂದಿದ್ರ ನಮ್ಮನಿಯವರು ಇರ್ತಿದ್ರು ಅಕ್ಕೋರ," ಎಂದರು. ಅಕ್ಕೋರು ಅವರ ಬೆನ್ನು ಸವರಿದರು.

ಆ ಹೊತ್ತಿಗೆ ಹನ್ನೆರಡು ಮನೆಗಳಿಗೆ ಬಿಸ್ಕೀಟು ಹೋಗುತ್ತಿತ್ತು. ಹಾನಗಲ್ಲಿನಲ್ಲಿ ಮಹಿಳಾ ಸಂಘಗಳದೊಂದು ಸಭೆ ಇತ್ತು, ಅಲ್ಲಿ ಮಾತಾಡಲು ಮುನವ್ವರಾ ಅವರನ್ನು ಕರೆದರು. ನಾನೂ ಅಲ್ಲಿದ್ದೆ. ಅರವತ್ತು ಹೆಣ್ಣುಮಕ್ಕಳ ಮುಂದೆ ಅವರು ನೋಟ್‌ಬುಕ್ಕು ಹಿಡಿದು ಒಂದೊಂದೇ ಅಂಕಿ ಓದಿದರು. "ಓದಾಕ ಕಲಿಸಿದವರೂ ಇವರ, ಬರದು ಕೊಟ್ಟವರೂ ಇವರ," ಎಂದು ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಕ್ಕೋರನ್ನು ತೋರಿಸಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಅಕ್ಕೋರು ಎದ್ದು ನಿಂತು ಕೈ ಮುಗಿದರು.

ನಾನು ಎರಡು ಡಬ್ಬಿ ಬಿಸ್ಕೀಟು ಮತ್ತು ಆ ನೂರಾ ಮೂವತ್ನಾಲ್ಕನ್ನು ಮನೆಗೆ ತಂದೆ. ಮಾವನವರು ಕೇಳಿ ಖುಷಿಪಟ್ಟರು. ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಮೊದಲೇ ಗೊಣಗುತ್ತಿದ್ದವರು, ಯಾರಿಗೂ ಹೇಳದೆ ಅರ್ಧ ಗುಳಿಗೆಗೆ ಇಳಿದರು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅಕ್ಕೋರು ಹಿತ್ತಲಲ್ಲಿ ತಲೆ ತಿರುಗಿ ಬಿದ್ದರು. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ಶುಗರ್ ನಾಲ್ಕುನೂರು ದಾಟಿತ್ತು. ಡಾಕ್ಟರು ಮನೆಯಲ್ಲಿ ನೋಡಿದ ಅಂಕಿಗಳನ್ನು ಕೇಳಿದರು. ತನುಜಾ ಫೋನ್ ಮಾಡಿ, "ಅತ್ತಿಯವರ ಕಪಾಟಿನಾಗ ಮಷೀನ್ ಡಬ್ಬಿ, ನೋಟ್‌ಬುಕ್ಕ ಅದಾವ್ರಿ, ತಗೊಂಡು ಬರ್ರಿ," ಎಂದು ಮುನವ್ವರಾ ಅವರಿಗೆ ಹೇಳಿದಳು. ಅವರು ಸಿಕ್ಕ ಬಸ್ಸು ಹಿಡಿದರು.

ಬಸ್ಸಿನಲ್ಲಿ ಕುಳಿತು ಡಬ್ಬಿ ತೆರೆದರು, ಏನಾದರೂ ಬಿಟ್ಟು ಬಂದಿದ್ದೇನೆಯೇ ಎಂದು ನೋಡಲು. ಮಷೀನಿನ ಬ್ಯಾಟರಿಗೆ ಅಡ್ಡ ಇಟ್ಟ ಪ್ಲಾಸ್ಟಿಕ್ ಚೂರು ಹಾಗೇ ಇತ್ತು. ಅದನ್ನು ಎಳೆಯದೆ ಮಷೀನು ಚಾಲೂ ಆಗುವುದಿಲ್ಲ. ರಕ್ತ ಹಚ್ಚುವ ಪಟ್ಟಿಗಳ ಸೀಸೆಯ ಸೀಲು ಒಡೆದಿರಲಿಲ್ಲ. ಚುಚ್ಚುವ ಸೂಜಿ ಹತ್ತಕ್ಕೆ ಹತ್ತೂ ಇದ್ದವು. ನೋಟ್‌ಬುಕ್ಕಿನಲ್ಲಿ ಇಪ್ಪತ್ತೊಂಬತ್ತು ಸೋಮವಾರ, ತಾರೀಖು ಸಮೇತ, ಗೆರೆ ಎಳೆದು, ಅಕ್ಕೋರ ದುಂಡನೆಯ ಅಕ್ಷರದಲ್ಲಿ.

ಆಸ್ಪತ್ರೆಯಲ್ಲಿ ತನುಜಾ ಡಬ್ಬಿ ತೆರೆದು ನೋಡಿದಳು, ಮುನವ್ವರಾ ಅವರ ಮುಖ ನೋಡಿದಳು. ಡಾಕ್ಟರಿಗೆ ತನುಜಾ, "ಮನ್ಯಾಗ ನೋಡಿಲ್ರಿ," ಎಂದಷ್ಟೇ ಹೇಳಿದಳು. ರುದ್ರೇಶ ಔಷಧದಂಗಡಿಗೆ ಹೋಗಿದ್ದ, ಅವನಿಗೆ ಈ ಮಾತು ತಿಳಿಯಲಿಲ್ಲ.

ಎಂಟು ದಿನಕ್ಕೆ ಅಕ್ಕೋರು ಮನೆಗೆ ಬಂದರು. ಒಬ್ಬರೇ ಇದ್ದ ಹೊತ್ತು ನೋಡಿ ಮುನವ್ವರಾ ಹೋದರು. ಬಿಸ್ಕೀಟು ಒಯ್ದಿರಲಿಲ್ಲ.

"ಅಕ್ಕೋರ, ಒಮ್ಮೆರೆ ಚುಚ್ಚಿ ನೋಡಿದ್ರೇನ್ರಿ?"

ಅಕ್ಕೋರು ಗೋಡೆಯ ಕಡೆ ತಿರುಗಿದರು. "ಅಂಜಿಕಿ ಬಂತು," ಎಂದರು. "ಸೂಜಿಗೆ ಅಲ್ಲ. ಎಷ್ಟ ತೋರಸತೈತೋ ಅಂತ. ಮೊದಲನೇ ವಾರ ನೀ ಬಾಗಿಲಾಗ ನಿಂತು ಕೇಳಿದಿ. ನಿನ್ನ ಮಾರಿ ನೋಡಿ ಕಡಿಮಿ ಹೇಳಿಬಿಟ್ಟೆ. ಮುಂದ ಏರಿಸಾಕ ಬಾಯಿ ಬರಲಿಲ್ಲ. ಆಮ್ಯಾಲ ಖರೇನ ಕಡಿಮಿ ಆಗೈತಿ ಅಂತ ನಾನೂ ನಂಬಿದೆ ನೋಡು. ಗುಳಗಿನೂ ಬಿಟ್ಟೆ. ನಿನ್ನ ಖುಷಿಗೆ ಮಾಡಿದ್ದವ್ವಾ."

"ನಾ ಖುಷಿ ಕೇಳಿದ್ನೇನ್ರಿ? ಅಂಕಿ ಕೇಳಿದ್ದೆ," ಎಂದರು ಮುನವ್ವರಾ. "ನಮ್ಮನಿಯವರು ಕದ್ದು ತಿಂತಿದ್ರು. ನನಗ ಗೊತ್ತಿತ್ತು, ಸಿಟ್ಟಿಗೆದ್ದು ಜಗಳಾಡ್ತಿದ್ದೆ. ನೀವು ಬರದು ಕೊಟ್ರಿ. ನಾ ಅದನ್ನ ಹಾನಗಲ್ಲಾಗ ಅಷ್ಟು ಮಂದಿ ಮುಂದ ಓದುವಾಗ ನೀವು ಮುಂದಿನ ಸಾಲಿನಾಗ ಕುಂತಿದ್ರಿ. ಎದ್ದು ನಿಂತು ಕೈ ಮುಗದ್ರಿ."

ಅಕ್ಕೋರು ಅತ್ತರು. ಅತ್ತು, ಮುನವ್ವರಾ ಅವರ ಕೈ ಹಿಡಿದು, "ಹೊರಗ ಹೇಳಬ್ಯಾಡ. ಊರ ಮಕ್ಕಳಿಗೆಲ್ಲಾ ನಾ ಕಲಿಸೇನಿ," ಎಂದರು.

"ಸುಳ್ಳು ಬರದವರು ನೀವು ಅಂತ ನಾ ಹೇಳೂದಿಲ್ಲ. ಆದ್ರ ಅಂಕಿ ಖರೆ ಅಲ್ಲ ಅಂತ ಹೇಳಬೇಕಾಕ್ಕತಿ. ಮಂದಿ ಗುಳಗಿ ಬಿಟ್ಟಿದ್ರ?"

"ಹೇಳು. ಸ್ವಲ್ಪ ಜೀವ ಗಟ್ಟಿ ಆಗಲಿ, ನಾನೂ ಹೇಳ್ತೇನಿ," ಎಂದರು ಅಕ್ಕೋರು.

ಆ ಮಾತು ಹಿಡಿದುಕೊಂಡು ಮುನವ್ವರಾ ಹನ್ನೆರಡೂ ಮನೆಗೆ ನಡೆದರು. ಹಾನಗಲ್ಲಿನಲ್ಲಿ ಡಬ್ಬಿ ಕೊಂಡ ಗುರುತಿನ ಮೇಲೆ ಹುಲಗೂರಿನ ನಮ್ಮ ಮನೆಗೂ ಬಂದರು, ಆಗ ಮಾವನವರು ಚಹಾ ಕುಡಿಯುತ್ತಿದ್ದರು. ಮುನವ್ವರಾ ಕೂರಲಿಲ್ಲ. "ನಾ ಹೇಳಿದ ಅಂಕಿ ಖರೆ ಅಲ್ರಿ. ಬಿಸ್ಕೀಟಿನಾಗ ಮೈದಾ, ಸಕ್ಕರಿ ಇಲ್ಲ, ಅದಷ್ಟು ಖರೆ. ಅದು ಔಷಧ ಅಲ್ಲ. ಗುಳಗಿ ಯಾರೂ ಬಿಡಬ್ಯಾಡ್ರಿ," ಎಂದರು.

ಮಾವನವರು ಕಪ್ಪು ಕೆಳಗಿಟ್ಟರು. "ನಿಮ್ಮ ಮಾತ ಕೇಳಿ ನಾ ಎರಡ ತಿಂಗಳಿಂದ ಅರ್ಧ ಗುಳಗಿ ತಗೊಳಾಕತ್ತೇನಿ. ಈಗ ಬಂದು ಸುಳ್ಳು ಅಂತೀರಿ. ಯಾರು ಹೇಳಿದ್ದು ಆ ಅಂಕಿ?"

"ಹೇಳಿದಾಕಿ ನಾನರಿ."

ಅವರು ಅಷ್ಟೇ ಹೇಳಿದರು. ನಾನು ಬಾಗಿಲಲ್ಲಿ ನಿಂತು ಅವರನ್ನು ಒಂದು ಲೋಟ ನೀರು ಬೇಕೇ ಎಂದೂ ಕೇಳಲಿಲ್ಲ. ಮರುದಿನ ಮಾವನವರ ರಕ್ತ ತೋರಿಸಿದೆವು, ಎರಡನೂರಾ ತೊಂಬತ್ತು. ಕಾಲಿನ ಹೆಬ್ಬೆರಳ ಸಂದಿಯಲ್ಲಿ ಒಂದು ಗಾಯ ಆಗಿದ್ದು ಆಗಲೇ ಕಣ್ಣಿಗೆ ಬಿತ್ತು. ಮಾಯಲು ಎರಡು ತಿಂಗಳು ಹಿಡಿಯಿತು. ಅವರು ಬಂದು ಹೇಳದಿದ್ದರೆ ಏನಾಗುತ್ತಿತ್ತೋ ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಹಾನಗಲ್ಲಿನ ಸಭೆಯವರು, "ಹೋಗ್ಲಿ ಬಿಡ್ರಿ, ಯಾರು ನೆನಪಿಟ್ಟಾರ," ಎಂದರಂತೆ. ಮುನವ್ವರಾ ಬಿಡಲಿಲ್ಲ. ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಿದರು. ಈ ಸಲ ಅಕ್ಕೋರು ಬಂದಿರಲಿಲ್ಲ. ಅಕ್ಕೋರಂಥವರು ಸುಳ್ಳು ಬರೆಯುವವರಲ್ಲ, ಬಿಸ್ಕೀಟು ಮಾರಲು ಇವಳೇ ಅಂಕಿ ಹುಟ್ಟಿಸಿದಳು ಎಂದು ಹೆಣ್ಣುಮಕ್ಕಳು ಮಾತಾಡಿಕೊಂಡರು. ಆ ಮಾತು ಹಾನಗಲ್ಲಿನಿಂದ ಶಿಗ್ಗಾವಿಗೆ ಬರಲು ವಾರ ಬೇಕಾಗಲಿಲ್ಲ. ಏಳು ಮನೆಗಳು ಬಿಸ್ಕೀಟು ಬಿಟ್ಟವು.

ಮುನವ್ವರಾ ಕಾದರು. ಅಕ್ಕೋರ ಜೀವ ಗಟ್ಟಿಯಾಯಿತು, ಬಾಗಿಲ ಮುಂದೆ ಕುಳಿತು ಸೊಪ್ಪು ಸೋಸತೊಡಗಿದರು, ಗುಡಿಗೆ ಹೋಗಿ ಬರತೊಡಗಿದರು. ದೀಪಾವಳಿಯೂ ಬಂದು ಹೋಯಿತು.

ಒಂದು ದಿನ ಊಟಕ್ಕೆ ಕುಳಿತ ರುದ್ರೇಶ ತಾಯಿಗೆ ಹೇಳಿದ: "ಆ ಮುನವ್ವರಾ ನಿನ್ನ ಹೆಸರಿನ ಮ್ಯಾಲ ಸುಳ್ಳ ಅಂಕಿ ಓದ್ಯಾಳಂತ. ಅಂಗಡ್ಯಾಗ ಎಲ್ಲಾರೂ ಅದನ್ನ ಮಾತಾಡಾಕತ್ತಾರ. ನೀನ ಆಕಿಗೆ ಅಕ್ಷರ ಕಲಿಸಿ ಬೆಳೆಸಿದಿ."

ಬಡಿಸುತ್ತಿದ್ದ ತನುಜಾ ಅತ್ತೆಯ ಮುಖವನ್ನೇ ನೋಡಿದಳು. ಅಕ್ಕೋರು ಅನ್ನ ಕಲೆಸುತ್ತ, "ಹೋಗ್ಲಿ ಬಿಡಪಾ. ಗಂಡನ್ನ ಕಳಕೊಂಡಾಕಿ, ಹೊಟ್ಟಿಪಾಡು," ಎಂದರು.

ತನುಜಾಳಿಗೆ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ. ಅಂದೇ ಸಂಜೆ ಮುನವ್ವರಾ ಅವರ ಅಡುಗೆಮನೆಗೆ ಹೋಗಿ ಹೇಳಿಬಿಟ್ಟಳು. ಮುನವ್ವರಾ ಹಿಟ್ಟಿನ ಕೈಯಲ್ಲೇ ನಿಂತು ಕೇಳಿದರು. "ಹಂಗಂದ್ರಾ?" ಎಂದು ಒಮ್ಮೆ ಕೇಳಿದರು. ತಟ್ಟಿಟ್ಟ ಟ್ರೇ ಓವನ್ನಿನ ಪಕ್ಕದಲ್ಲೇ ಉಳಿಯಿತು, ಅಂದು ಬೇಯಿಸಲಿಲ್ಲ. ಹಾನಗಲ್ಲಿನಲ್ಲಿ ಹೆಸರು ಕೆಟ್ಟಾಗ ತಡೆದುಕೊಂಡಿದ್ದ ಹೆಂಗಸು ಅಂದು ತನುಜಾಳ ಎದುರಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಅಕ್ಕೋರು ಸುಳ್ಳು ಬರೆದದ್ದನ್ನು ಅವರು ಅಂಜಿಕೆ ಎಂದು ನುಂಗಿಕೊಂಡಿದ್ದರು. ಮಾಡದ ತಪ್ಪಿಗೆ ತಮ್ಮ ಮೇಲೆ ಕನಿಕರ ತೋರಿಸಿದ್ದನ್ನು ನುಂಗಲಾಗಲಿಲ್ಲ.

ಮರುವರ್ಷ ಹಂಸಭಾವಿಯ ಒಂದು ಮದುವೆಯಲ್ಲಿ ತನುಜಾ ಸಿಕ್ಕಳು. ನಾನು ಏನೋ ಮಾತಿಗೆ ಆ ಬಿಸ್ಕೀಟಿನವಳನ್ನು ಬೈದೆ. ತನುಜಾ ನನ್ನನ್ನು ಊಟದ ಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು. ಮನೆಗೆ ಬಂದು ಮಾವನವರಿಗೆ ತಿಳಿಸಿದೆ. ಅವರು, "ಮತ್ತ ಆಕಿ ಅವತ್ತ ಯಾಕ ಹೇಳಲಿಲ್ಲ?" ಎಂದರು.

ಅದೇ ವಾರ ನಾನು ಶಿಗ್ಗಾವಿಗೆ ಹೋದೆ. ಮುನವ್ವರಾ ಈಗ ಐದು ಮನೆಗೆ ಬಿಸ್ಕೀಟು ಕೊಡುತ್ತಾರೆ. ಹೊಸಬರು ಯಾರು ಕೇಳಿದರೂ, ಔಷಧ ಅಂತ ತಿನ್ನುವುದಾದರೆ ಕೊಡುವುದಿಲ್ಲ ಎನ್ನುತ್ತಾರೆ. ನಾನು ಕ್ಷಮೆ ಕೇಳಿದೆ. ಅವರು ಕುರ್ಚಿ ಎಳೆದು ಕೂರಿಸಿ ನಡೆದದ್ದನ್ನು ತಾವೇ ಮತ್ತೊಮ್ಮೆ ಹೇಳಿದರು, ಅಕ್ಕೋರನ್ನು ಒಂದು ಸಲವೂ ಏಕವಚನದಲ್ಲಿ ಕರೆಯಲಿಲ್ಲ.

"ಈಗ ಅಕ್ಕೋರ ಮನಿಗೆ ಹೋಗ್ತೀರೇನ್ರಿ?" ಎಂದು ಕೇಳಿದೆ.

"ಹೋಗ್ತೇನಿ. ಎರಡ ಮನಿ ಆಚೆ ಅದಾರ, ಹೋಗದ ಹೆಂಗ ಇರಾಕಾಕ್ಕತಿ? ಸಿಟ್ಟು ಎಂದೋ ಹೋತು," ಎಂದರು. ಓವನ್ನಿನ ಬಾಗಿಲು ತೆರೆದು ಬಿಸ್ಕೀಟಿನ ಬಣ್ಣ ನೋಡಿ ಮತ್ತೆ ಮುಚ್ಚಿದರು. "ಆದ್ರ ಅವರು 'ಉಂಡೇನಿ' ಅಂದ್ರೂ, ಖರೇನ ಉಂಡಾರೋ ಇಲ್ಲೋ ಅಂತ ನನ್ನ ಮನಸ ಕೇಳತೈತ್ರಿ. ಅಡಗಿಮನಿ ಕಡೆ ಕಣ್ಣ ಹೋಗತೈತಿ. ಅದೊಂದು ಹೋಗವಲ್ದು."