ಜಟ್ಟೆಮ್ಮನ ಹರಿದ ರೊಟ್ಟಿ

ಜಟ್ಟೆಮ್ಮನ ಕೈಯಲ್ಲಿ ರೊಟ್ಟಿ ಹರಿದದ್ದನ್ನು ಗರುಡಾಚಾರ್‌ಪಾಳ್ಯದ ನಮ್ಮ ವಠಾರದಲ್ಲಿ ಯಾರೂ ನೋಡಿರಲಿಲ್ಲ. ಯಾದಗಿರಿ ಕಡೆಯಿಂದ ಬಂದು, ದೊಡ್ಡನೆಕ್ಕುಂದಿಯ ಒಂದು ಕಚೇರಿಯಲ್ಲಿ ನೆಲ ಒರೆಸುತ್ತ ಮಗಳನ್ನು ಬೆಳೆಸಿದವಳು ಆಕೆ. ಗಂಡ ಭಗವಂತರಾಯ ಕಟ್ಟಡದ ಕೆಲಸದವನು, ಕೆಲಸ ಸಿಕ್ಕಲ್ಲಿಯೇ ಮಲಗುತ್ತಾನೆ. ಒಂದೇ ಕೋಣೆಯಲ್ಲಿ ತಾಯಿ, ಮಗಳು ಇಬ್ಬರೇ ಇದ್ದರು. ಮಗಳು ಸೌಂದರ್ಯಾ ಶಾಲೆಯಿಂದ ಬಂದರೆ ಪುಸ್ತಕದ ಚೀಲ ಇಳಿಸುವ ಮೊದಲೇ ಅವ್ವನಿಗೆ ದಿನದ ಕತೆಯೆಲ್ಲ ಹೇಳಬೇಕಿತ್ತು.

ಮಗಳು ಹಲಸೂರಿನ ಕಾಲೇಜಿನಲ್ಲಿ ಪಿಯುಸಿಗೆ ಸೇರಿದ ಮೇಲೆ ಆ ಕತೆಗಳೆಲ್ಲ ಒಬ್ಬರ ಸುತ್ತಲೇ ತಿರುಗತೊಡಗಿದವು. ಅವರು ಭೌತಶಾಸ್ತ್ರ ಕಲಿಸುವ ರುಕ್ಸಾರ್ ಮ್ಯಾಮ್. ಕಾಲೇಜು ಮುಗಿದ ಮೇಲೆ ಫ್ರೇಜರ್ ಟೌನಿನ ತಮ್ಮ ಮನೆಯಲ್ಲಿಯೂ ಅವಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಸೌಂದರ್ಯಾ ಅಲ್ಲೇ ಊಟ ಮಾಡಿ ಬರುವಳು. ಒಮ್ಮೆ ಮ್ಯಾಮ್ ಡಬ್ಬಿಯಲ್ಲಿ ಶ್ಯಾವಿಗೆ ಖೀರು ಕಳಿಸಿದರು. ಜಟ್ಟೆಮ್ಮ ಬೇಡವೆನ್ನುತ್ತಲೇ ಒಂದು ಚಮಚ ತಿಂದಳು. ಬಹಳ ಚೆನ್ನಾಗಿತ್ತು. ಅದರಿಂದ ಆಕೆಗೆ ಇನ್ನಷ್ಟು ಸಂಕಟವಾಯಿತು.

"ನಿನ್ನ ಮಗಳು ಟೀಚರಮ್ಮಗ ದತ್ತು ಹೋದಂಗ ಕಾಣ್ತದ ಬಿಡವಾ," ಎಂದು ಪಕ್ಕದ ಕೋಣೆಯ ಯಂಕಮ್ಮ ನಲ್ಲಿಯ ಬಳಿ ಚುಚ್ಚಿದಳು.

"ಹೋಗ್ಲಿ ಬಿಡು, ನನಗೊಂದು ಕೊಡ ನೀರು ಕಮ್ಮಿ ಹಿಡಿಯೋದಾತು," ಎಂದಳು ಜಟ್ಟೆಮ್ಮ. ಕೊಡ ತುಂಬಿ ಹರಿಯುತ್ತಿದ್ದುದನ್ನು ಮಾತ್ರ ನೋಡಲಿಲ್ಲ.

ಒಂದು ಸಂಜೆ ಸೌಂದರ್ಯಾ ಗೆಳತಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಮೇಜಿನ ಮೇಲೆ ಪುಸ್ತಕ ಇಟ್ರೆ ಮೇಜು ಅದನ್ನ ಮೇಲಕ್ಕೆ ತಳ್ಳುತ್ತೆ ಕಣೇ. ಅದೇ ನಾರ್ಮಲ್ ಫೋರ್ಸ್. ರುಕ್ಸಾರ್ ಮ್ಯಾಮ್ ಎಷ್ಟ್ ಚೆನ್ನಾಗ್ ಹೇಳ್ಕೊಟ್ರು ಗೊತ್ತಾ!"

ಜಟ್ಟೆಮ್ಮ ಒಲೆಯ ಬಳಿಯಿಂದ ಕೇಳಿದಳು: "ಮೇಜಿಗೇನು ಕೈ ಅದಾವೇನು? ತಳ್ಳಿದ್ರ ಪುಸ್ತಕ ಮ್ಯಾಲ ಹಾರಬೇಕಲ್ಲ?"

"ಅಯ್ಯೋ ಅವ್ವ, ನಿಂಗೆ ಅರ್ಥ ಆಗಲ್ಲ ಬಿಡು," ಎಂದು ನಕ್ಕು ಮಗಳು ಫೋನು ಹಿಡಿದು ಹೊರಗೆ ಹೋದಳು.

ಮರುದಿನ ಕಚೇರಿ ಖಾಲಿಯಿದ್ದಾಗ ಜಟ್ಟೆಮ್ಮ ಒಂದು ಮೇಜಿನ ಮೇಲೆ ಅಂಗೈಯೂರಿ ಒತ್ತಿ ನೋಡಿದಳು. ಮೇಜು ಸುಮ್ಮನಿತ್ತು. ಆ ಟೀಚರಿಗೆ ತಿಳಿದದ್ದು, ತನ್ನ ಮಗಳಿಗೆ ತಿಳಿದದ್ದು, ತನಗೊಬ್ಬಳಿಗೇ ತಿಳಿಯದೆ ಅವರಿಬ್ಬರ ನಡುವೆ ಗುಟ್ಟಿನಂತೆ ಉಳಿದಿದೆ ಅನ್ನಿಸಿ ಆಕೆಗೆ ಹೊಟ್ಟೆ ಉರಿಯಿತು. ಬಟ್ಟೆಯಿಂದ ಅದೇ ಮೇಜನ್ನು ಮತ್ತೆ ಮತ್ತೆ ತಿಕ್ಕಿದಳು.

ವಾರ್ಷಿಕ ಪರೀಕ್ಷೆ ಹತ್ತಿರವಾದಾಗ, ಒಂದು ಭಾನುವಾರ ರುಕ್ಸಾರ್ ಮ್ಯಾಮ್ ತಾವೇ ವಠಾರಕ್ಕೆ ಬಂದರು. ಜಟ್ಟೆಮ್ಮ ಹಲಗೆಯ ಮೇಲೆ ಹಿಟ್ಟು ಉದುರಿಸಿ ರೊಟ್ಟಿ ಬಡಿಯುತ್ತಿದ್ದಳು.

"ಕುಂದರ್ರಿ," ಎಂದಳು, ತಲೆ ಎತ್ತಲಿಲ್ಲ.

"ಅಮ್ಮಾ, ಒಂದ್ ಮಾತು ಕೇಳೋಣ ಅಂತ ಬಂದೆ," ಎಂದರು ಮ್ಯಾಮ್. "ಇಲ್ಲಿ ಗಲಾಟೆ ಜಾಸ್ತಿ, ಓಡಾಟಾನೂ ದೂರ. ಪರೀಕ್ಷೆ ಮುಗಿಯೋ ತನಕ ಸೌಂದರ್ಯಾ ನಮ್ಮನೇಲೇ ಇರ್ಲಿ. ನನ್ ತಂಗಿ ರೂಮು ಖಾಲಿ ಇದೆ. ನೀವು ಹೂಂ ಅಂದ್ರೆ ಮಾತ್ರ."

ಜಟ್ಟೆಮ್ಮ ರೊಟ್ಟಿ ಬಡಿಯುತ್ತಲೇ ಇದ್ದಳು. ಆಕೆಯ ಕೈ ಭಾರವಾಯಿತು. ಬಡಿದು, ಅಂಗೈ ಎತ್ತಿ, ಬೆರಳ ತುದಿಯಿಂದ ತಿರುಗಿಸಬೇಕಾದ ರೊಟ್ಟಿಯನ್ನು ಅಂಗೈಯಿಂದ ಒತ್ತಿ ಹಿಡಿದೇ ತಿರುಗಿಸಹೋದಳು. ರೊಟ್ಟಿ ಹಲಗೆಗೆ ಕಚ್ಚಿಕೊಂಡಿತು. ಇನ್ನೂ ಒತ್ತಿದಳು. ನಟ್ಟನಡುವೆ ಹರಿಯಿತು.

ರುಕ್ಸಾರ್ ಮ್ಯಾಮ್ ಮುಂದೆ ಬಾಗಿದರು. "ಅಮ್ಮಾ, ನೋಡಿ, ನೀವು ಒತ್ತಿದಷ್ಟೂ ಅದು..."

ಜಟ್ಟೆಮ್ಮನ ಮುಖ ಬಿಗಿಯಿತು. ತನ್ನ ಒಲೆಯ ಮುಂದೆಯೇ ಈಕೆ ತನಗೆ ಪಾಠ ಹೇಳುವುದೆ!

"ಮ್ಯಾಮ್, ನಾನ್ ಹೇಳ್ತೀನಿ," ಎಂದು ಸೌಂದರ್ಯಾ ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಎಷ್ಟೋ ದಿನದಿಂದ ಬಿಟ್ಟಿದ್ದ ಊರ ಮಾತು ಅವಳ ಬಾಯಿಗೆ ತಾನಾಗಿ ಬಂತು. "ಅವ್ವ, ಹಿಟ್ಟು ಸುಮ್ನ ಇಟ್ಟಾಗ ಅದರ ಭಾರ ಎಷ್ಟೋ ಅಷ್ಟ ಹಲಗಿ ಮ್ಯಾಲಕ್ಕ ತಳ್ತದ. ಅದಕ್ಕ ಕೆಳಗ ಇಳಿಯಲ್ಲ, ಮ್ಯಾಲ ಹಾರಂಗೂ ಇಲ್ಲ. ಈಗ ನೀ ಮ್ಯಾಲಿಂದ ಒತ್ತಿದಿ. ನೀ ಎಷ್ಟು ಒತ್ತಿದಿ ಅಷ್ಟು ಹೆಚ್ಚಿಗಿ ಹಲಗಿ ತಿರುಗಿ ಒತ್ತತದ."

"ಕೈ ಇಲ್ದನ?"

"ಕೈ ಇಲ್ದನ. ಹಾಸಿಗಿ ಮ್ಯಾಲ ಕುಂತ್ರ ಅದು ತಗ್ಗಿ ನಿನ್ನ ಹೊರೋದಿಲ್ಲೇನು? ಹಲಗೀನೂ ಹಂಗ ತಗ್ಗತದ, ನಮ್ಮ ಕಣ್ಣಿಗಿ ಕಾಣಲ್ಲ. ಹಿಂಗ ಎರಡೂ ಕಡಿಂದ ಬಿಗಿ ಆದ್ರ ರೊಟ್ಟಿ ತಿರುಗ್ಲಾಕ ಬಿಡಲ್ಲ. ತಡಿತದಲ್ಲ, ಅದೇ ಘರ್ಷಣೆ. ಒತ್ತು ಹೆಚ್ಚಾದ್ರ ತಡಿಯೋದೂ ಹೆಚ್ಚು."

ಮಗಳ ಕೈ ತನ್ನ ಕೈಯ ಮೇಲಿತ್ತು. ಜಟ್ಟೆಮ್ಮ ಮೆಲ್ಲಗೆ ಒತ್ತಿದಳು, ಸಡಿಲಿಸಿದಳು. ಅಂದು ಮೇಜಿನ ಮೇಲೆ ತಿಳಿಯದ್ದು ಈಗ ಅಂಗೈಗೆ ತಿಳಿಯಿತು. ಹಲಗೆ ಸುಮ್ಮನಿರಲಿಲ್ಲ.

"ಹಂಗಾದ್ರ ಕೆಳಗ ಒಣ ಹಿಟ್ಟು ಯಾಕ ಹಾಕ್ತೀವಿ?"

"ತಡಿಯೋದು ಕಮ್ಮಿ ಆಗ್ಲಿ ಅಂತ."

"ಮತ್ತ ನಾ ನೆಲ ಒರೆಸುವಾಗ ಕೋಲು ಒತ್ತಿ ಹಿಡಿದ್ರ ಮುಂದ ಹೋಗಂಗಿಲ್ಲ, ಅದೂ ಇದೇ ಏನು?"

"ಅದೂ ಇದೇ ಅವ್ವ!"

ರುಕ್ಸಾರ್ ಮ್ಯಾಮ್ ಏನೋ ಸೇರಿಸಲು ಬಾಯಿ ತೆರೆದು ಸುಮ್ಮನಾದರು. ಅದನ್ನು ಓರೆಗಣ್ಣಿನಲ್ಲಿ ಕಂಡ ಜಟ್ಟೆಮ್ಮ, ತಿಳಿದದ್ದನ್ನೂ ತಿಳಿಯದವಳಂತೆ ಇನ್ನೆರಡು ಪ್ರಶ್ನೆ ಕೇಳಿದಳು. ಮಗಳು ಎರಡಕ್ಕೂ ಬೇಸರಿಸದೆ ಉತ್ತರಿಸಿದಳು. ಆ ಹೊತ್ತಿಗೆ ಹೆಂಚು ಕಾದು ಹೊಗೆಯಾಡುತ್ತಿತ್ತು.

ಊಟ ಮುಗಿದ ಮೇಲೆ ಜಟ್ಟೆಮ್ಮ ತಾನೇ ಮಗಳ ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು. ಒಣ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

"ಚಂದ ನೋಡ್ಕೋರಿ," ಎಂದಳು ಮ್ಯಾಮ್‌ಗೆ. "ಭಾನುವಾರಕ್ಕೊಮ್ಮೆ ಕಳಸ್ರಿ. ನನ್ನ ಪಾಠ ಇನ್ನಾ ಮುಗಿದಿಲ್ಲ."

"ಖಂಡಿತ ಅಮ್ಮಾ. ನಂಗೂ ಒಂದಿನ ರೊಟ್ಟಿ ಬಡಿಯೋದು ಹೇಳ್ಕೊಡ್ಬೇಕು ನೀವು."

"ಅದು ಬ್ಯಾರೆಯವರಿಗೆ ಲಗೂನ ಬರಂಗಿಲ್ಲ ಬಿಡ್ರಿ," ಎಂದಳು ಜಟ್ಟೆಮ್ಮ.

ಮಗಳು ಚಪ್ಪಲಿ ಮೆಟ್ಟುವಾಗ ಅವಳನ್ನು ಬಾಗಿಲ ಮರೆಗೆ ಎಳೆದು ಕಿವಿಯಲ್ಲಿ ಹೇಳಿದಳು: "ಓದು, ಉಣ್ಣು, ಮಲಕೋ. ಆಕಿ ಎಷ್ಟು ಕೇಳಿದ್ರೂ ಆ ಮನ್ಯಾಗ ರೊಟ್ಟಿ ಮಾತ್ರ ಬಡಿಬ್ಯಾಡ."